ಕೌಲ್ ಬಜಾರಿನ ಉಸ್ತಾದ್: ಹೊಲಿಗೆ ಮಸೀನು ರಿಪೇರಿ

ಒಂದು ಸೂಜಿ ಬದಲಿಸಿ, ಕೆಳಗೆ ತಿರುಗುತ್ತಾ ದಾರ ಹಿಡಿಯುವ ಹುಕ್ಕನ್ನು ಕೂದಲೆಳೆಯಷ್ಟು ಸರಿಸಿ, 270 ರೂಪಾಯಿ ತೆಗೆದುಕೊಂಡು ಹೋದ ಮೆಕ್ಯಾನಿಕ್ ಬಗ್ಗೆ ಬರೆಯುತ್ತಿದ್ದೇನೆ. ಅದೇ ಮಸೀನಿಗೆ ಹದಿನೈದು ದಿನ ಮುಂಚೆ ಬೇರೊಬ್ಬರಿಗೆ 2,400 ರೂಪಾಯಿ ಕೊಟ್ಟಿದ್ದೆ. ಬಳ್ಳಾರಿಯಲ್ಲಿ ಮನೆಯಲ್ಲೇ ಮಸೀನು ಇಟ್ಟುಕೊಂಡು ದುಡಿಯುವ ನಮ್ಮಂಥವರಿಗೆ ಉಪಯೋಗಕ್ಕೆ ಬರಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ನಂದು ಜೀನ್ಸ್ ಜಾಬ್‌ವರ್ಕ್. ಪಾರ್ಟಿಯವರು, ಅಂದರೆ ಆರ್ಡರ್ ಕೊಡುವವರು, ಕಟಿಂಗ್ ಮಾಡಿದ ಬಟ್ಟೆಯನ್ನು ಬಂಡಲ್ ಕಟ್ಟಿ ಕಳಿಸುತ್ತಾರೆ, ನಾವು ಹೊಲಿದು ಕೊಡುತ್ತೇವೆ, ಅಲ್ಲಿಂದ ಅದು ವಾಶಿಂಗ್‌ಗೆ ಹೋಗುತ್ತದೆ. 2012ರಲ್ಲಿ ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಒಂದು ಹಳೆಯ ಮಸೀನು ತಂದು ಶುರು ಮಾಡಿದೆ. ಈಗ ಆರು ಮಸೀನು, ನನ್ನನ್ನೂ ಸೇರಿಸಿ ಐದು ಜನ. 2016ರ ನೋಟು ರದ್ದು, 2020ರ ಲಾಕ್‌ಡೌನ್ ಎರಡನ್ನೂ ದಾಟಿ ಬಂದಿದ್ದೇವೆ. ಲಾಕ್‌ಡೌನ್‌ನಲ್ಲಿ ಜೀನ್ಸ್ ಬಿಟ್ಟು ಮಾಸ್ಕ್ ಹೊಲಿದೆವು. ಪಕ್ಕದಲ್ಲೇ ಆಲ್ಟರೇಶನ್ ಕೆಲಸವೂ ಇದೆ, ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು, ಸೊಂಟ ಬಿಡಿಸುವುದು.

ಹೋದ ವರ್ಷ ದಸರಾಕ್ಕೆ ಮುಂಚೆ 300 ಪೀಸಿನ ಆರ್ಡರ್ ಬಂತು. ಬಟ್ಟೆ ಹಿಂದಿನದಕ್ಕಿಂತ ದಪ್ಪ. ಮೂರನೇ ಬಂಡಲ್‌ಗೆ ಮಸೀನು ಹೊಲಿಗೆ ಬಿಡತೊಡಗಿತು. ಎಲ್ಲಾ ಕಡೆ ಅಲ್ಲ, ತೊಡೆ ಸಂದಿನಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಿ ಮಾತ್ರ. ಕೈಯಲ್ಲಿ ಹಿಡಿದು ನೋಡಿದರೆ ಅಷ್ಟೇನೂ ಕಾಣುವುದಿಲ್ಲ. ವಾಶಿಂಗ್‌ನ ಡ್ರಮ್ಮಿನಲ್ಲಿ ತಿರುಗುವಾಗ ಆ ಸಡಿಲ ದಾರ ಎಲ್ಲೋ ಸಿಕ್ಕಿ ಕಿತ್ತು ಬರುತ್ತದೆ. ಆಗ ಪೀಸು ರಿಜೆಕ್ಟ್, ಕೂಲಿ ಹೋಯಿತು, ಬಟ್ಟೆಯ ದುಡ್ಡೂ ನಮ್ಮ ತಲೆಯ ಮೇಲೆ.

ನಾನು ಮೊದಲು ಕರೆಸಿದವರು ಮಸೀನನ್ನು ಎರಡು ನಿಮಿಷ ನೋಡಿ, "ಹುಕ್ಕು ಹೋಗಿದೆ" ಎಂದರು. ಹೊಸ ಹುಕ್ಕು ಹಾಕಿದರು. ಹಳೆಯದನ್ನು ಕೇಳಿದ್ದಕ್ಕೆ "ಅದು ಗುಜರಿ, ನಿಮಗ್ಯಾಕೆ" ಎಂದು ಜೇಬಿಗೆ ಹಾಕಿಕೊಂಡರು. ಹಗುರ ಬಟ್ಟೆ ಮೇಲೆ ಓಡಿಸಿ ತೋರಿಸಿದರು, ಚೆನ್ನಾಗಿ ಓಡಿತು. ಮರುದಿನ ದಪ್ಪ ಬಟ್ಟೆಗೆ ಮತ್ತೆ ಅದೇ ಕಥೆ. ಫೋನ್ ಮಾಡಿದರೆ "ನಿಮ್ಮ ಹುಡುಗಿಯರು ಬಟ್ಟೆ ಎಳೀತಾರೆ" ಎಂದರು. ನನ್ನ ಹುಡುಗಿಯರ ಕೈ ನನಗೆ ಗೊತ್ತು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ.

ಆಮೇಲೆ ಗುಂಡಿಗೆ ಕಾಜಾ ಹಾಕುವವರೊಬ್ಬರು ಕೌಲ್ ಬಜಾರಿನ ಈ ಉಸ್ತಾದ್ ಬಗ್ಗೆ ಹೇಳಿದರು. ಅಂಗಡಿಗೆ ಬೋರ್ಡಿಲ್ಲ. ಕೌಲ್ ಬಜಾರ್ ಅಂದರೆ ದಂಡಿನ ಪಕ್ಕದ ಬಜಾರು. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ದರ್ಜಿಗಳು ಸಿಪಾಯಿಗಳ ಉಡುಪು ಹೊಲಿಯುತ್ತಿದ್ದರು ಎಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವಳು ನಾನು. ಉಸ್ತಾದರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಗೋಡೆ ತುಂಬ ಮೊಳೆಗೆ ನೇತುಹಾಕಿದ ಫುಟ್ಟು, ಪ್ಲೇಟು, ಬೆಲ್ಟು. ಅವರು ಮೊದಲು ಕೇಳಿದ್ದು ಮಸೀನಿನ ಬಗ್ಗೆ ಅಲ್ಲ. "ಯಾವ ಬಟ್ಟೆ ಹೊಲೀತೀರಿ ಅಕ್ಕಾ? ತುಂಡು ತಂದೀರೇನು?" ತಂದಿರಲಿಲ್ಲ. "ಹಂಗಾದ್ರೆ ನಾನೇ ಬರ್ತೀನಿ. ಇವತ್ತು ಆಗಲ್ಲ, ನಾಳೆನೂ ಆಗಲ್ಲ. ನಾಡಿದ್ದು ಹತ್ತಕ್ಕೆ ಬರ್ತೀನಿ. ಅಲ್ಲಿತನ ದಪ್ಪ ಕೆಲಸ ಬ್ಯಾರೆ ಮಸೀನಿಗೆ ಹಾಕ್ರಿ."

ನನಗೆ ಸಿಟ್ಟು ಬಂದಿತ್ತು. ಎರಡು ದಿನ ಯಾರು ಕಾಯುತ್ತಾರೆ? ಆದರೆ ನಾಡಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವರ ಸೈಕಲ್ ಮನೆ ಮುಂದೆ ನಿಂತಿತ್ತು.

ಮಸೀನನ್ನು ಬಿಚ್ಚಲಿಲ್ಲ. ನಮ್ಮ ಹುಡುಗಿಯನ್ನೇ ಕೂಡಿಸಿ "ನೀನು ದಿನಾ ಹೆಂಗ ಹೊಲೀತಿ ಹಂಗೇ ಹೊಲಿಯಮ್ಮಾ" ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಎರಡು ಪೀಸು ಆದಮೇಲೆ ಸೂಜಿ ತೆಗೆದರು. ಮೊಬೈಲ್ ಗಾಜಿನ ಮೇಲೆ ಸೂಜಿಯನ್ನು ಮಲಗಿಸಿ, ಬೆಳಕಿಗೆ ಎದುರಾಗಿ ಹಿಡಿದು ನನಗೆ ತೋರಿಸಿದರು. ಗಾಜಿಗೂ ಸೂಜಿಗೂ ನಡುವಿನ ಸಂದು ಬುಡದಲ್ಲಿ ಒಂದು ಅಳತೆ, ತುದಿಯಲ್ಲಿ ಇನ್ನೊಂದು ಅಳತೆ. ಸೂಜಿ ಬಾಗಿತ್ತು. ಅದರ ಮೇಲೆ 16 ನಂಬರ್.

"16 ಅಂದ್ರೆ ಒಂದು ಮಿಲಿಮೀಟರ್ ದಪ್ಪ. ಈ ಬಟ್ಟೆಗೆ, ಈ ದಾರಕ್ಕೆ 21 ಬೇಕು. ಅದು 1.3. ದಪ್ಪ ದಾರ ಸಣ್ಣ ಕಣ್ಣಿನಾಗೆ ಜಾರಲ್ಲ ಅಕ್ಕಾ. ಜಾರದಿದ್ರೆ ಉಂಗುರ ಬೀಳಲ್ಲ. ಅದರ ಮ್ಯಾಲೆ ದಪ್ಪ ಬಂದಲ್ಲಿ ಸೂಜಿ ಬಾಗ್ತೈತೆ. ಹುಕ್ಕು ಏನು ಹಿಡೀಬೇಕು?"

ಹನ್ನೆರಡು ವರ್ಷ ಹೊಲಿದವಳಿಗೆ ಮಸೀನು ಹೊಲಿಗೆ ಹಾಕುವುದು ಹೇಗೆ ಎಂದು ಅವತ್ತು ತಿಳಿಯಿತು. ಕೈಚಕ್ರವನ್ನು ಮೆಲ್ಲಗೆ ತಿರುಗಿಸಿ ತೋರಿಸಿದರು. ಸೂಜಿ ಪೂರ್ತಿ ಕೆಳಗಿಳಿಯುತ್ತದೆ. ಅಲ್ಲಿಂದ ಸುಮಾರು 2 ಮಿಲಿಮೀಟರ್ ಮೇಲೇರುವಷ್ಟರಲ್ಲಿ ದಾರ ಸೂಜಿಯ ಹಿಂದೆ ಪುಟ್ಟ ಉಂಗುರದ ಹಾಗೆ ಉಬ್ಬುತ್ತದೆ. ಸರಿಯಾಗಿ ಆ ಗಳಿಗೆಗೆ ಹುಕ್ಕಿನ ಮೊನೆ ಬಂದು ಉಂಗುರದೊಳಗೆ ನುಗ್ಗಿ, ಅದನ್ನು ಕೆಳದಾರ ಸುತ್ತಿದ ಬಾಬಿನ್ನಿನ ಸುತ್ತ ಎಳೆದೊಯ್ಯುತ್ತದೆ. ಮೊನೆ ಒಂದಿಷ್ಟು ತಡವಾದರೂ ಒಂದು ಹೊಲಿಗೆ ಹೋಯಿತು.

21 ನಂಬರ್ ಸೂಜಿ ಹಾಕಿ ಓಡಿಸಿದರು. ಹತ್ತರಲ್ಲಿ ಒಂಬತ್ತು ಸರಿಯಾಯಿತು. ಬೇರೆಯವರಾದರೆ ಅಲ್ಲಿಗೇ ಚೀಲ ಕಟ್ಟುತ್ತಿದ್ದರು, ನಾನೂ ಸಾಕು ಎನ್ನುತ್ತಿದ್ದೆ. ಇವರು ಆಗ ಸೂಜಿ ಕೆಳಗಿನ ಪ್ಲೇಟು ಬಿಚ್ಚಿದರು. ಬಟ್ಟೆ ತಳ್ಳುವ ಹಲ್ಲಿನ ಕೆಳಗೆ ನೀಲಿ ಧೂಳು ಗಟ್ಟಿಯಾಗಿ ಕಂಬಳಿ ಹಾಗೆ ಕೂತಿತ್ತು. ಬ್ರಶ್ಶಿನಿಂದ ಕೆರೆದು ತೆಗೆದು ನನ್ನ ಅಂಗೈಗೆ ಹಾಕಿದರು. ಹುಕ್ಕಿನ ಮೂರು ಸ್ಕ್ರೂ ಸಡಿಲಿಸಿ, ಮೊನೆಯನ್ನು ಒಂದಿಷ್ಟು ಮುಂದಕ್ಕೆ ತಂದರು. ಸೂಜಿ ದಪ್ಪವಾದ್ದರಿಂದ ಮೊನೆ ಅದಕ್ಕೆ ತಾಕಬಾರದು ಎಂದು ನಡುವಿನ ಸಂದನ್ನೂ ಹೊಂದಿಸಿದರು. ಕಣ್ಣಿಗೆ ಕಾಣದಷ್ಟು ಸಂದು. ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ನಾನು ಮೊದಲಿನವರ ಮೇಲಿನ ಸಿಟ್ಟೆಲ್ಲ ಹೇಳಿಕೊಂಡೆ. ಅವರು ಕೆಲಸ ನಿಲ್ಲಿಸದೆ, "ಅವರು ಹಾಕಿದ ಹುಕ್ಕು ಚಲೋದೇ ಐತೆ. ಮೊನೆ ಒಂಚೂರು ತಡ ಬರೋ ಹಂಗೆ ಕೂಡ್ಸ್ಯಾರ, ಅಷ್ಟೇ" ಎಂದರು. ಇನ್ನೊಬ್ಬರ ಕೆಲಸದ ಬಗ್ಗೆ ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಬರಲಿಲ್ಲ.

ಪರೀಕ್ಷೆಗೆ ಹಗುರ ಬಟ್ಟೆ ಮುಟ್ಟಲಿಲ್ಲ. ನಮ್ಮ ಬಂಡಲ್‌ನ ತೀರಾ ದಪ್ಪ ಜಾಗವನ್ನೇ ಇಪ್ಪತ್ತು ಸಲ ಓಡಿಸಿದರು. ಒಂದೂ ತಪ್ಪಲಿಲ್ಲ. ಸೂಜಿ ಪಾಕೀಟು 120, ಬಂದು ಹೋದದ್ದಕ್ಕೆ 150. ನಾನು 500 ಕೊಟ್ಟು ಇಟ್ಟುಕೊಳ್ಳಿ ಎಂದೆ. 230 ಎಣಿಸಿ ಟೇಬಲ್ಲಿನ ಮೇಲಿಟ್ಟರು. ಹೋಗುವ ಮುಂಚೆ ಮಸೀನಿನ ಡ್ರಾಯರ್ ಒಳಗೆ ಮಾರ್ಕರಿನಲ್ಲಿ ತಾರೀಖು, ಸೂಜಿ ನಂಬರು, ಎಣ್ಣೆ ಬದಲಿಸಬೇಕಾದ ತಿಂಗಳು ಬರೆದರು. ಮುಂದೆ ಯಾವ ಮೆಕ್ಯಾನಿಕ್ ಬಂದರೂ ಗೊತ್ತಾಗಲಿ ಎಂದು.

ಅವರು ಹೇಳಿದ ಸೂಜಿಯ ಲೆಕ್ಕ ನಿಮಗೂ ಹೇಳುತ್ತೇನೆ. ಎಂಟು ತಾಸು ಹೊಲಿದರೆ ಒಂದು ಸೂಜಿಯ ಆಯುಷ್ಯ ಮುಗಿಯಿತು, ದಪ್ಪ ಜೀನ್ಸ್ ಆದರೆ ಇನ್ನೂ ಬೇಗ. ನಾವೆಲ್ಲ ಮುರಿಯುವವರೆಗೆ ಬದಲಿಸುತ್ತಿರಲಿಲ್ಲ. ಹತ್ತು ಸೂಜಿಗೆ 120 ಅಂದರೆ ಒಂದಕ್ಕೆ 12 ರೂಪಾಯಿ. ಆ 12 ಉಳಿಸಲು ಹೋಗಿ ನಾನು ಆ ಆರ್ಡರಿನಲ್ಲಿ 14 ಪ್ಯಾಂಟಿನ ದುಡ್ಡು ಕಟ್ಟಿದ್ದೆ. ಈಗ ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಸೂಜಿ ಬದಲಿಸುತ್ತೇವೆ.

ಜನವರಿಯಲ್ಲಿ ಆರು ಮಸೀನಿಗೂ ಸರ್ವೋ ಮೋಟರ್ ಹಾಕಿಸೋಣ ಎಂದು ಅವರ ಹತ್ತಿರ ಹೋದೆ. ಜೆಸ್ಕಾಂನ ಕರೆಂಟ್ ಬಿಲ್ಲು ನೋಡಿ ಸಾಕಾಗಿತ್ತು. ಆರು ಮೋಟರ್ ಮಾರುವ ವ್ಯಾಪಾರ ಮನೆ ಬಾಗಿಲಿಗೆ ಬಂದಿತ್ತು. ಅವರು ಏನು ಹೇಳಿದರು ಗೊತ್ತೇ? "ಆರಕ್ಕೂ ಈಗ ಬ್ಯಾಡ. ಹಳೇ ಮೋಟರ್ ನೀವು ಹೊಲೀರಿ ಬಿಡ್ರಿ, ಸ್ವಿಚ್ ಹಾಕಿದ್ರೆ ತಿರುಗ್ತಾನೇ ಇರ್ತೈತೆ. ಸರ್ವೋ ಕಾಲಿಟ್ರೆ ಮಾತ್ರ ತಿರುಗ್ತೈತೆ. ಯಾವ ಮಸೀನು ಖಾಲಿ ಹೆಚ್ಚು ಕೂಗ್ತೈತೆ, ಮೊದಲು ಅದಕ್ಕ ಹಾಕ್ರಿ." ನಮ್ಮಲ್ಲಿ ಪ್ಯಾಂಟಿಗೆ ಸೊಂಟದ ಬೆಲ್ಟ್ ಹಾಕುವ ಮಸೀನು, ಆಲ್ಟರೇಶನ್ ಮಸೀನು ಹಾಗಿದ್ದವು. ಎರಡಕ್ಕೇ ಹಾಕಿಸಿದೆ. ಬಿಲ್ಲು ಇಳಿದಿದೆ, ಮನೆಯಲ್ಲಿ ಸದ್ದೂ ಇಳಿದಿದೆ. ಮಧ್ಯಾಹ್ನ ಅತ್ತೆ ಈಗ ನಿದ್ದೆ ಮಾಡುತ್ತಾರೆ.

ಒಂದು ಸಲ ಮಾತ್ರ ಉಸ್ತಾದ್ ಹೇಳಿದ ದಿನ ಬರಲಿಲ್ಲ. ಹತ್ತಕ್ಕೆ ಬರಬೇಕಿತ್ತು, ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. "ಮೊಮ್ಮಗಳಿಗೆ ಜ್ವರ, ಇವತ್ತು ಆಗಲ್ಲ, ನಾಳೆ ಒಂಬತ್ತಕ್ಕೆ." ಬಂದರು. ಎಂಟಕ್ಕೆ ಹೇಳಿದ್ದರಿಂದ ಅವತ್ತಿನ ಕೆಲಸವನ್ನು ನಾನು ಬೇರೆ ಹೊಂದಿಸಿಕೊಂಡೆ, ಒಬ್ಬರ ಕೂಲಿಯೂ ಹಾಳಾಗಲಿಲ್ಲ.

ಆ ಫೋನ್ ಇಟ್ಟಮೇಲೆ ನನಗೆ ನೆನಪಾದದ್ದು ಒಬ್ಬ ಹುಡುಗ. ಎರಡು ವರ್ಷದ ಹಿಂದಿನ ಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಇದೆ ಎಂದು ಹೊಸ ಪ್ಯಾಂಟು ತಂದು ಉದ್ದ ಕಡಿಮೆ ಮಾಡಲು ಕೊಟ್ಟಿದ್ದ. ಹತ್ತು ನಿಮಿಷದ ಕೆಲಸ. "ನಾಳೆ ಸಂಜೆ ತಗೋಪ್ಪಾ" ಎಂದಿದ್ದೆ. ಬಂಡಲ್ ಕೆಲಸ ಹೆಚ್ಚಾಗಿ ಅದನ್ನು ಮುಟ್ಟಲಿಲ್ಲ. ಸಂಜೆ ಬಂದ, "ಬೆಳಿಗ್ಗೆ ಬಾ" ಎಂದೆ. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದಿದ್ದಾನೆ, ನಾವು ಎದ್ದಿರಲಿಲ್ಲ. ಹಳೆಯ ಪ್ಯಾಂಟಿನಲ್ಲೇ ಬಸ್ಸು ಹತ್ತಿ ಹೋದ. ವಾರದ ಮೇಲೆ ಬಂದು ಪ್ಯಾಂಟು ತಗೊಂಡು, ಹೇಳಿದಷ್ಟು ದುಡ್ಡು ಕೊಟ್ಟು, ಒಂದು ಮಾತೂ ಆಡದೆ ಹೋದ. ಕೆಲಸ ಸಿಕ್ಕಿತೋ ಇಲ್ಲವೋ ಕೇಳಲು ನನಗೆ ಬಾಯಿ ಬರಲಿಲ್ಲ. ಮತ್ತೆ ಅವನು ನಮ್ಮ ಕಡೆ ಬಂದಿಲ್ಲ. ಅವತ್ತು ಸಂಜೆಯೇ "ಆಗಲ್ಲಪ್ಪಾ, ಬೇರೆ ಕಡೆ ಕೊಡು" ಎಂದಿದ್ದರೆ ಗಾಂಧಿನಗರದಲ್ಲೋ ಬೆಂಗಳೂರು ರಸ್ತೆಯಲ್ಲೋ ಯಾರಾದರೂ ಮಾಡಿಕೊಡುತ್ತಿದ್ದರು.

ದರ್ಜಿ ಕೆಲಸದಲ್ಲಿ "ನಾಳೆ" ಎನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ. ಗಿರಾಕಿ ಕೈ ತಪ್ಪಬಾರದು ಎಂದು ಆಡುವ ಮಾತು ಅದು. ಉಸ್ತಾದ್ ಮೊದಲ ದಿನವೇ "ನಾಳೆನೂ ಆಗಲ್ಲ" ಎಂದಾಗ ನನಗೆ ಸಿಟ್ಟು ಬಂದಿದ್ದು ಅದಕ್ಕೇ, ಆ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಈಗ ನಾನು ಗೋಡೆಗೆ ಒಂದು ಸ್ಲೇಟು ನೇತುಹಾಕಿದ್ದೇನೆ. ಆಲ್ಟರೇಶನ್ ಬಟ್ಟೆ ತಗೊಳ್ಳುವಾಗ ಗಿರಾಕಿಯ ಎದುರಿಗೇ ವಾರ, ಹೊತ್ತು ಬರೆಯುತ್ತೇನೆ. ದಿನಕ್ಕೆ ಎಂಟು ಪೀಸು ತುಂಬಿದರೆ ಆ ದಿನಕ್ಕೆ ಇನ್ನು ಬರೆಯುವುದಿಲ್ಲ. ಪಾರ್ಟಿಯವರಿಗೂ ಹಾಗೇ. "ಶುಕ್ರವಾರ 200 ಕೊಡ್ತೀನಿ, ಉಳಿದ ನೂರು ಸೋಮವಾರ" ಎಂದು ಬಂಡಲ್ ಇಳಿಸಿಕೊಳ್ಳುವಾಗಲೇ ಹೇಳುತ್ತೇನೆ. ಒಬ್ಬ ಪಾರ್ಟಿ ಇದರಿಂದ ಬೇಜಾರಾಗಿ ಬೇರೆ ಕಡೆ ಹೋದರು, ಆ ನಷ್ಟ ಆದದ್ದು ನಿಜ. ಇನ್ನಿಬ್ಬರು ಈಗ ಫೋನ್ ಮಾಡಿ ವಿಚಾರಿಸುವುದನ್ನೇ ಬಿಟ್ಟಿದ್ದಾರೆ, ಹೇಳಿದ ದಿನ ಗಾಡಿ ಕಳಿಸುತ್ತಾರೆ.

ಉಸ್ತಾದರ ಕಡೆಯ ಕೊರತೆಗಳನ್ನೂ ಹೇಳಬೇಕು. ಕೆಲಸದ ನಡುವೆ ಫೋನ್ ಎತ್ತುವುದಿಲ್ಲ, ಕೈಯೆಲ್ಲ ಎಣ್ಣೆ. ಸಂಜೆ ಏಳರ ಮೇಲೆ ಅವರೇ ತಿರುಗಿ ಮಾಡುತ್ತಾರೆ. ಬಿಲ್ಲು ಕೇಳದೆ ಕೊಡುವುದಿಲ್ಲ. ಸಂಘದ ಲೆಕ್ಕಕ್ಕೆ ನನಗೆ ಬೇಕಾಗುತ್ತದೆ, ಪ್ರತಿ ಸಲ ನೆನಪಿಸಬೇಕು. ಸಿಂಗಲ್ ನೀಡಲ್, ಅಂಚು ಹೊಲಿಯುವ ಓವರ್‌ಲಾಕ್, ಕಾಲಿನ ಸೈಡ್ ಹೊಲಿಯುವ ಫೀಡ್ ಆಫ್ ದಿ ಆರ್ಮ್ ಮೂರನ್ನೂ ಕೈಹಿಡಿದು ನೋಡುತ್ತಾರೆ. ಕಂಪ್ಯೂಟರ್ ಮಸೀನು ಬಂದರೆ "ಅದು ನಂಗೆ ಬರಲ್ಲ" ಎಂದು ನೇರವಾಗಿ ಹೇಳಿ ವಾಪಸ್ ಕಳಿಸುತ್ತಾರೆ. ಜತೆಗೆ ಕೆಲಸ ಕಲಿಯುವ ಹುಡುಗ ಒಬ್ಬನೇ, ಹೀಗಾಗಿ ದಸರಾದಿಂದ ದೀಪಾವಳಿವರೆಗೆ ಮೂರು ದಿನವಾದರೂ ಕಾಯಬೇಕು. ತುರ್ತು ಇದ್ದವರಿಗೆ ಇದು ಕಷ್ಟವೇ.

ಬೇಸಿಗೆಯಲ್ಲಿ ಹೋಗುವವರು ಹನ್ನೊಂದರೊಳಗೆ ಹೋಗಿ, ಅಂಗಡಿ ಮುಂದೆ ನೆರಳಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿದರೆ ಮೂರಕ್ಕೆ ತೆಗೆಯುತ್ತಾರೆ. ಬೋರ್ಡಿಲ್ಲ ಎಂದೆನಲ್ಲ, ಮಸೀನು ಉಸ್ತಾದ್ ಎಂದು ಯಾವ ಕಾಜಾ ಅಂಗಡಿಯಲ್ಲಿ ಕೇಳಿದರೂ ತೋರಿಸುತ್ತಾರೆ. ನೀವು ಹೊಲಿಯುವ ಬಟ್ಟೆಯ ಒಂದು ತುಂಡು, ಹಾಕುವ ದಾರ, ಈಗ ಮಸೀನಿನಲ್ಲಿರುವ ಸೂಜಿ, ಮೂರನ್ನೂ ಕಾಗದದಲ್ಲಿ ಸುತ್ತಿಕೊಂಡು ಹೋಗಿ. ಮೊದಲು ಅದನ್ನೇ ಕೇಳುತ್ತಾರೆ.