ಡಿಆರ್‌ಪಿ ಸಲಹಾ ಸೇವೆ: ಸಾಲ ಮಂಜೂರಾಗುವವರೆಗೆ ಗಟ್ಟಿ, ಆಮೇಲೆ ಸಡಿಲ

ರೊಟ್ಟಿ, ಬೆಲ್ಲ, ಗಾಣದ ಎಣ್ಣೆ, ಉಪ್ಪಿನಕಾಯಿ, ಸಾಂಬಾರ ಪುಡಿ, ಹೀಗೆ ಸಣ್ಣದೊಂದು ಘಟಕ ಹಾಕಬೇಕೆಂದಿರುವವರ ಬೆನ್ನಿಗೆ ಸರ್ಕಾರವೇ ಒಬ್ಬ ವ್ಯಾಪಾರ ಸಲಹೆಗಾರರನ್ನು ಕೊಡುತ್ತದೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರ ಜೂನ್‌ನಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇವರು. ಎಲ್ಲರೂ ಕರೆಯುವುದು ಡಿಆರ್‌ಪಿ ಎಂದೇ. ಕರ್ನಾಟಕದಲ್ಲಿ ಕೃಷಿ ಇಲಾಖೆಯ ಕೆಳಗಿರುವ ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ಈ ಯೋಜನೆಯನ್ನು ನಡೆಸುತ್ತದೆ. ಅರ್ಜಿದಾರರು ಡಿಆರ್‌ಪಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಯಾರಾದರೂ ‘ಫೈಲ್ ಖರ್ಚು’ ಕೇಳಿದರೆ ಅದು ಯೋಜನೆಯ ಭಾಗವಲ್ಲ.

ಈ ಸೇವೆಯ ಗುಣವೂ ದೋಷವೂ ಒಂದೇ ಕಡೆ ಇದೆ, ಡಿಆರ್‌ಪಿಗೆ ಹಣ ಸಿಗುವ ರೀತಿಯಲ್ಲಿ. ಅವರಿಗೆ ತಿಂಗಳ ಸಂಬಳವಿಲ್ಲ. ಬ್ಯಾಂಕ್ ಮಂಜೂರು ಮಾಡಿದ ಪ್ರತಿ ಸಾಲಕ್ಕೆ 20,000 ರೂಪಾಯಿ. ಅರ್ಧ ಮಂಜೂರಾತಿ ಆದಾಗ ಬರುತ್ತದೆ. ಇನ್ನರ್ಧ ಬರಬೇಕಾದರೆ ಘಟಕ ನಿಂತು, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಎಲ್ಲ ಆಗಿರಬೇಕು. ಹಾಗಾಗಿ ಅರ್ಜಿ ತುಂಬುವುದು, ಡಿಪಿಆರ್ (ಘಟಕದ ಖರ್ಚು ಆದಾಯ ಬಿಡಿಸಿ ಹೇಳುವ ಯೋಜನಾ ವರದಿ) ಬರೆಯುವುದು, ಬ್ಯಾಂಕಿಗೆ ಓಡಾಡುವುದು ಇವುಗಳಲ್ಲಿ ಒಳ್ಳೆಯ ಡಿಆರ್‌ಪಿಯ ಕೆಲಸ ಖಾಸಗಿ ಲೆಕ್ಕಪರಿಶೋಧಕರ ಕಚೇರಿಗಿಂತ ಚುರುಕು. ಆದರೆ ‘ಈ ಊರಲ್ಲಿ ಈ ಘಟಕ ನಡೆಯುವುದಿಲ್ಲ, ಬೇಡ’ ಎಂದು ಹೇಳಿದ ಸಲಹೆಗೆ ಯಾರೂ ಹಣ ಕೊಡುವುದಿಲ್ಲ. ಅತಿ ಬೆಲೆಯುಳ್ಳ ಸಲಹೆ ಎಷ್ಟೋ ಸಲ ಅದೇ ಆಗಿರುತ್ತದೆ. ಆ ಪ್ರಶ್ನೆಯನ್ನು ಅರ್ಜಿದಾರರೇ ಎತ್ತಬೇಕು.

ಮೊದಲು ಈ ಯೋಜನೆಯಲ್ಲಿ ಸಾಲದ ಜೊತೆ ಸಿಗುವ ಸಬ್ಸಿಡಿಯ ಲೆಕ್ಕ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಕೇಂದ್ರದ ನಿಯಮದಲ್ಲಿ ಘಟಕದ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಇದರ ಮೇಲೆ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ಮಾಡಿದೆ. ಲೆಕ್ಕಕ್ಕೆ ಬರುವುದು ಯಂತ್ರೋಪಕರಣ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸ ಮಾತ್ರ. ಕಟ್ಟಡದ ಪಾಲು ಶೇ. 30 ಮೀರಬಾರದು, ಜಾಗದ ಬೆಲೆ ಸೇರುವುದಿಲ್ಲ. ಉದಾಹರಣೆಗೆ ಒಂದು ಗಾಣದ ಘಟಕಕ್ಕೆ ಯಂತ್ರ 6.20 ಲಕ್ಷ, ಕಟ್ಟಡ ಕೆಲಸ 1.80 ಲಕ್ಷ, ಒಟ್ಟು 8 ಲಕ್ಷ ಎಂದಿಟ್ಟುಕೊಳ್ಳಿ. ಕೈಯಿಂದ ಹಾಕುವ ಶೇ. 10 ಅಂದರೆ 80,000. ಬ್ಯಾಂಕ್ ಸಾಲ 7.20 ಲಕ್ಷ. ಸಬ್ಸಿಡಿ 4 ಲಕ್ಷ. ಈ 4 ಲಕ್ಷ ಕೈಗೆ ಬರುವುದಿಲ್ಲ, ಕೈಯಿಂದ ಹಾಕಬೇಕಾದ 80,000ದ ಬದಲಿಗೂ ಆಗುವುದಿಲ್ಲ. ಅದು ಬ್ಯಾಂಕಿನಲ್ಲೇ ಕುಳಿತಿರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಖಾತೆ ಸುಸ್ತಿಯಾಗದೆ ಘಟಕವೂ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಎರಡನೇ ವರ್ಷ ಬಾಗಿಲು ಹಾಕಿದವರಿಗೆ ಸಬ್ಸಿಡಿ ದಕ್ಕುವುದಿಲ್ಲ, ಸಾಲ ಮಾತ್ರ ಉಳಿಯುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳುವ ಡಿಆರ್‌ಪಿ ಸಿಕ್ಕರೆ ನಂಬಬಹುದು. ‘ಅರ್ಧ ದುಡ್ಡು ಫ್ರೀ’ ಎಂದು ಮಾತು ಶುರು ಮಾಡುವವರ ಬಳಿ ಎರಡು ಸಲ ಯೋಚಿಸಿ.

ಡಿಪಿಆರ್ ಈ ಸೇವೆಯ ತಿರುಳು. ಇದರ ಗುಣಮಟ್ಟ ಡಿಆರ್‌ಪಿಯಿಂದ ಡಿಆರ್‌ಪಿಗೆ ಬಹಳ ಬದಲಾಗುತ್ತದೆ. ನಿಯಮದ ಪ್ರಕಾರ ಆಹಾರ ತಂತ್ರಜ್ಞಾನ ಓದಿ ಅನುಭವ ಇರುವವರಿಗೆ ಮೊದಲ ಆದ್ಯತೆ. ಅಂಥವರು ಸಿಗದಿದ್ದರೆ ಬ್ಯಾಂಕಿಂಗ್, ಡಿಪಿಆರ್ ತಯಾರಿಕೆ ಗೊತ್ತಿರುವವರನ್ನೂ ತೆಗೆದುಕೊಳ್ಳಬಹುದು. ಬ್ಯಾಂಕ್ ಕಡೆಯಿಂದ ಬಂದವರ ಡಿಪಿಆರ್ ಮಂಜೂರಾಗುತ್ತದೆ, ಆದರೆ ಯಂತ್ರದ ಲೆಕ್ಕದಲ್ಲಿ ತಪ್ಪುತ್ತದೆ. ತಂತ್ರಜ್ಞಾನದವರದ್ದು ಇದರ ತಿರುಗುಮುರುಗು. ನಿಮ್ಮ ಡಿಆರ್‌ಪಿ ಯಾವ ಕಡೆಯವರು ಎಂದು ಕೇಳಿ ತಿಳಿದುಕೊಂಡರೆ ಯಾವ ಪುಟವನ್ನು ಎರಡು ಸಲ ಓದಬೇಕೆಂಬುದು ಗೊತ್ತಾಗುತ್ತದೆ.

ಗಾಣವನ್ನೇ ಮುಂದುವರಿಸೋಣ. ಶೇಂಗಾ ಬೀಜ ಹಾಕುವ ಮರದ ಗಾಣದಲ್ಲಿ ಒಂದು ಹಾಕಿಗೆ 15 ಕೆ.ಜಿ., ತೊಳೆದು ಬಳಿದು ಸೇರಿ ಒಂದು ತಾಸು. ದಿನಕ್ಕೆ ಎಂಟು ಹಾಕಿ, 120 ಕೆ.ಜಿ. ಬೀಜ. ಮರದ ಗಾಣದಲ್ಲಿ ಶೇ. 40ರ ಆಸುಪಾಸು ಎಣ್ಣೆ ಬಂದರೆ 48 ಕೆ.ಜಿ. ಎಕ್ಸ್‌ಪೆಲ್ಲರ್ (ಎಣ್ಣೆ ಹಿಂಡುವ ಕಬ್ಬಿಣದ ಯಂತ್ರ) ಘಟಕದ ಡಿಪಿಆರ್ ನಕಲು ಮಾಡಿದವರು ಇಲ್ಲಿ ಶೇ. 45 ಬರೆದಿರುತ್ತಾರೆ, 54 ಕೆ.ಜಿ. ಆಗಿಬಿಡುತ್ತದೆ. ಇನ್ನೊಂದು ತಪ್ಪು ಕೆ.ಜಿ. ಮತ್ತು ಲೀಟರಿನದು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಆದ್ದರಿಂದ 48 ಕೆ.ಜಿ. ಅಂದರೆ ಹತ್ತಿರ ಹತ್ತಿರ 53 ಲೀಟರ್. ಆ 53ನ್ನು ಕೆ.ಜಿ. ದರಕ್ಕೆ ಗುಣಿಸಿದರೆ ದಿನಕ್ಕೆ 5 ಕೆ.ಜಿ., 300 ದಿನಕ್ಕೆ 1,500 ಕೆ.ಜಿ. ಇಲ್ಲದ ಎಣ್ಣೆ ಕಾಗದದ ಮೇಲೆ ಮಾರಾಟವಾಗುತ್ತದೆ. ಹಿಂಡಿಯ ಆದಾಯ ಬೇರೆ ಸಾಲಿನಲ್ಲಿ ಇದೆಯೇ ನೋಡಿ. ಶೇಂಗಾ ಗಾಣದಲ್ಲಿ ಹಿಂಡಿ ಮಾರಿದ ದುಡ್ಡಿಲ್ಲದೆ ಲಾಭ ಕಾಣುವುದು ಕಷ್ಟ.

ವಿದ್ಯುತ್ ವಿಚಾರವನ್ನು ಕುರ್ಚಿಯಲ್ಲಿ ಕುಳಿತು ಬರೆದ ಡಿಪಿಆರ್ ಯಾವತ್ತೂ ಹಿಡಿಯುವುದಿಲ್ಲ. ಪಂಪ್‌ಸೆಟ್ ಫೀಡರಿನಲ್ಲಿ (ವಿದ್ಯುತ್ ಮಾರ್ಗದಲ್ಲಿ) ತ್ರೀ ಫೇಸ್ ಬರುವುದು ದಿನಕ್ಕೆ 7 ಗಂಟೆ, ಅದೂ ಕೆಲವೊಮ್ಮೆ ರಾತ್ರಿ ಪಾಳಿಯಲ್ಲಿ. ಪಂಪ್‌ಸೆಟ್‌ಗಳಿಂದ ಬೇರ್ಪಡಿಸಿ ಮನೆಗಳಿಗೆಂದೇ ಎಳೆದ, ಊರೊಳಗಿನ ನಿರಂತರ ಜ್ಯೋತಿ ಫೀಡರಿನ ಕಥೆ ಬೇರೆ. ತೋಟದ ಮನೆಯ ಪಕ್ಕ ಶೆಡ್ ಹಾಕಿದವರು ಯಾವ ಫೀಡರಿನ ಮೇಲಿದ್ದಾರೆ ಎಂಬುದನ್ನು ಲೈನ್‌ಮನ್ ಬಳಿ ಕೇಳಲೇಬೇಕು. ಹಗಲು ಐದು ತಾಸು ಮಾತ್ರ ಕರೆಂಟ್ ಸಿಕ್ಕರೆ 120 ಕೆ.ಜಿ. 75 ಕೆ.ಜಿ.ಗೆ ಇಳಿಯುತ್ತದೆ. ಆಗ ಸಾಲದ ಕಂತು ಕಟ್ಟುವ ಲೆಕ್ಕವೇ ಕುಸಿಯುತ್ತದೆ. ಜಾಗ ನೋಡದೆ ಡಿಪಿಆರ್ ಬರೆಯಲು ಕುಳಿತ ಡಿಆರ್‌ಪಿಯನ್ನು ಒಮ್ಮೆ ಶೆಡ್‌ಗೆ ಕರೆದುಕೊಂಡು ಹೋಗಿ. ಇದು ನಮ್ಮ ಅತಿ ಮುಖ್ಯ ಸಲಹೆ.

ಘಟಕಗಳು ಸಾಯುವುದು ಹೆಚ್ಚಾಗಿ ದುಡಿಯುವ ಬಂಡವಾಳದ ಕೊರತೆಯಿಂದ. ಸಬ್ಸಿಡಿ ಇದಕ್ಕಿಲ್ಲ, ಆದ್ದರಿಂದ ಡಿಪಿಆರ್‌ನಲ್ಲಿ ಕಾಟಾಚಾರಕ್ಕೆ ಒಂದು ಲಕ್ಷ ಎಂದು ಬರೆದು ಮುಗಿಸುತ್ತಾರೆ. ಮೇಲಿನ ಗಾಣಕ್ಕೆ ತಿಂಗಳಿಗೆ 25 ದಿನ ಎಂದರೂ 3,000 ಕೆ.ಜಿ. ಬೀಜ ಬೇಕು. ಕೆ.ಜಿ.ಗೆ 120 ರೂಪಾಯಿ ಹಿಡಿದರೆ 3.60 ಲಕ್ಷ. ಅಂಗಡಿಯವರು ಒಂದು ತಿಂಗಳು ಉದ್ರಿ ಹೇಳಿದರೆ ಅಷ್ಟೇ ಮೊತ್ತ ಇನ್ನೊಮ್ಮೆ. ಯಂತ್ರ ಹೊಸದಾಗಿ ನಿಂತಿರುತ್ತದೆ, ಬೀಜ ಕೊಳ್ಳಲು ದುಡ್ಡಿರುವುದಿಲ್ಲ. ಅವಧಿ ಸಾಲದ ಜೊತೆಯಲ್ಲೇ ಸಿಸಿ ಖಾತೆಗೂ (ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ) ಅರ್ಜಿ ಹಾಕಿಸಿ ಎಂದು ಡಿಆರ್‌ಪಿಗೆ ಪಟ್ಟು ಹಿಡಿದು ಹೇಳಿ. ಆಮೇಲೆ ಪ್ರತ್ಯೇಕವಾಗಿ ಕೇಳಿದರೆ ಬ್ಯಾಂಕ್ ಒಂದು ವರ್ಷದ ವಹಿವಾಟು ತೋರಿಸಿ ಎನ್ನುತ್ತದೆ.

ಬ್ಯಾಂಕ್ ಕೆಲಸದಲ್ಲಿ ಡಿಆರ್‌ಪಿಗಳು ನಿಜಕ್ಕೂ ಉಪಕಾರಿ. ಯಾವ ಶಾಖೆ ಒಪ್ಪುತ್ತದೆ, ಯಾವ ಕಾಗದ ಕೇಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅರ್ಜಿ ಪೋರ್ಟಲ್‌ಗೆ ಹೋಗುವ ಮೊದಲೇ ಸಿಬಿಲ್ (ಹಳೆಯ ಸಾಲಗಳ ಮರುಪಾವತಿ ವರದಿ) ತೆಗೆಸಿ ನೋಡುವವರು ಒಳ್ಳೆಯವರು. ಬೆಳೆಸಾಲ ಸುಸ್ತಿ ಇದ್ದರೆ, ಯಾರಿಗೋ ಜಾಮೀನು ನಿಂತ ಸಾಲ ಕೆಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹಳ್ಳಿಗಳಲ್ಲಿ ಇನ್ನೊಂದು ಮಾಮೂಲಿ ತೊಡಕು ಪೌತಿ ಖಾತೆ. ಜಾಗ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಖಾತೆ ಬದಲಾಗುವವರೆಗೆ ಕಾಯುವ ಬದಲು ಬಾಡಿಗೆ ಕರಾರಿನ ಮೇಲೆ ಬೇರೆ ಕಟ್ಟಡ ಹಿಡಿಯುವುದೇ ಎಷ್ಟೋ ಸಲ ಬೇಗ. ಕರಾರಿನ ಅವಧಿ ಸಾಲದ ಅವಧಿಗಿಂತ ಕಡಿಮೆ ಇರಬಾರದು. 10 ಲಕ್ಷದವರೆಗಿನ ಸಾಲಕ್ಕೆ ಕಿರು ಮತ್ತು ಸಣ್ಣ ಉದ್ಯಮಗಳಿಂದ ಆಸ್ತಿ ಅಡಮಾನ ಕೇಳಬಾರದೆಂಬ ರಿಸರ್ವ್ ಬ್ಯಾಂಕ್ ನಿಯಮವಿದೆ. ಶಾಖೆಯಲ್ಲಿ ಕೇಳಿದರೆ ಈ ಮಾತನ್ನು ಎತ್ತಬೇಕಾದವರು ಡಿಆರ್‌ಪಿ.

ಕೊಟೇಶನ್ ವಿಷಯದಲ್ಲಿ ಮಾತ್ರ ಅವರ ಮೇಲೆ ಪೂರ್ತಿ ಭಾರ ಹಾಕಬೇಡಿ. ಮೂರು ಕಡೆಯಿಂದ ನೀವೇ ತರಿಸಿ. ಮಾಡೆಲ್, ಮೋಟಾರಿನ ಎಚ್‌ಪಿ, ಸಿಂಗಲ್ ಫೇಸೋ ತ್ರೀ ಫೇಸೋ, ತಾಸಿಗೆ ಎಷ್ಟು ಕೆ.ಜಿ., ಸಾಗಣೆ, ಜೋಡಣೆ, ವಾರಂಟಿ, ಜಿಎಸ್‌ಟಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಬೇಕು. ಮಂಜೂರಾತಿಗೆ ಮೊದಲೇ ಆಸೆಗೆ ಬಿದ್ದು ಯಂತ್ರ ಕೊಂಡುಬಿಟ್ಟರೆ ಆ ಮೊತ್ತಕ್ಕೆ ಸಬ್ಸಿಡಿ ಪಡೆಯುವುದು ತೊಡಕಾಗುತ್ತದೆ. ಬ್ಯಾಂಕ್ ದುಡ್ಡನ್ನು ನೇರ ಮಾರಾಟಗಾರರ ಖಾತೆಗೇ ಹಾಕುತ್ತದೆ.

ನೋಂದಣಿಗಳ ಕೆಲಸಕ್ಕೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿಯೇ ಮಾಡಿಕೊಡುತ್ತಾರೆ. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ದುಡ್ಡು ಕೇಳುವ ಜಾಲತಾಣಗಳು ಖಾಸಗಿಯವು. ಮರೆತುಹೋಗುವುದು ಒಂದೇ: ಪೊಟ್ಟಣ ಕಟ್ಟಿ ಮಾರುವವರಿಗೆ ಬೇಕಾದ ಕಾನೂನು ಮಾಪನಶಾಸ್ತ್ರ ಇಲಾಖೆಯ ಪ್ಯಾಕರ್ ನೋಂದಣಿ. ಡಿಆರ್‌ಪಿಯ ಎರಡನೇ ಕಂತಿನ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಯಾರೂ ನೆನಪಿಸುವುದಿಲ್ಲ. ಲೇಬಲ್ ಅಚ್ಚು ಹಾಕಿಸುವ ಮೊದಲೇ ಮಾಡಿಸಿ.

ಈ ಕೆಲಸಕ್ಕೆ ಸೇರಬೇಕೆಂದಿರುವವರಿಗೂ ಒಂದು ಲೆಕ್ಕ. ಹತ್ತು ಅರ್ಜಿಯಲ್ಲಿ ನಾಲ್ಕು ಮಂಜೂರಾದರೆ ಮೊದಲಿಗೆ ಬರುವುದು 40,000, ಉಳಿದ 40,000 ಘಟಕ ನಿಂತ ಮೇಲೆ. ತಿರಸ್ಕೃತವಾದ ಆರಕ್ಕೆ ಸುತ್ತಿದ ಪೆಟ್ರೋಲ್ ನಿಮ್ಮದೇ. ಅದಕ್ಕೇ ಅರ್ಜಿದಾರರನ್ನು ಆರಂಭದಲ್ಲೇ ಸೋಸಬೇಕು: ಸಿಬಿಲ್, ಜಾಗದ ಕಾಗದ, ಕೈಯಲ್ಲಿರುವ ಶೇ. 10, ಯಾರಿಗೆ ಮಾರುತ್ತಾರೆ ಎಂಬ ಉತ್ತರ. ಈ ನಾಲ್ಕೂ ಇಲ್ಲದವರ ಕಡತ ತೆರೆದರೆ ಇಬ್ಬರಿಗೂ ನಷ್ಟ. ತಿಂಗಳಿಗೆ ಇಂತಿಷ್ಟು ನಿಗದಿ ಗೌರವಧನ, ಜೊತೆಗೆ ಘಟಕ ಎರಡು ವರ್ಷ ನಡೆದ ಮೇಲೆ ಒಂದು ಕಂತು, ಹೀಗೆ ಬದಲಿಸಿದರೆ ಸಲಹೆಯ ಗುಣವೇ ಬದಲಾದೀತು ಎಂಬುದು ನಮ್ಮ ನಂಬಿಕೆ.

ಐದರಲ್ಲಿ ಮೂರೂವರೆ ಅಂಕ. ಮಂಜೂರಾತಿಯವರೆಗಿನ ಕೆಲಸಕ್ಕೆ ನಾಲ್ಕೂವರೆಯನ್ನೇ ಕೊಡಬಹುದಿತ್ತು. ಘಟಕ ಶುರುವಾದ ಮೇಲೆ ವಿದ್ಯುತ್ ಬಿಲ್, ಕಚ್ಚಾವಸ್ತು ಖರೀದಿ ರಸೀದಿ, ಮಾರಾಟದ ಬಿಲ್ಲುಗಳನ್ನು ತಿಂಗಳವಾರು ಒಂದು ಫೈಲಿನಲ್ಲಿಡಿ. ಮೂರು ವರ್ಷದ ನಂತರ ಘಟಕ ನಡೆಯುತ್ತಿದೆ ಎಂದು ತೋರಿಸಬೇಕಾದಾಗ ಆ ಡಿಆರ್‌ಪಿ ಅದೇ ಜಿಲ್ಲೆಯಲ್ಲಿ ಇರುತ್ತಾರೆಂದು ಹೇಳಲಾಗದು.