ಪರ್ಸ್‌ಪೆಕ್ಟಿವ್ ಎಪಿಐ ವಿಮರ್ಶೆ: ಕನ್ನಡದ ಕಾಮೆಂಟು ಕಾಯಲು ಬಾಡಿಗೆ ಯಂತ್ರ ಸಾಲದು

ಗೂಗಲ್ ಬಳಗದ ಜಿಗ್‌ಸಾ 2017ರ ಫೆಬ್ರವರಿಯಲ್ಲಿ ಹೊರತಂದ ಪರ್ಸ್‌ಪೆಕ್ಟಿವ್ ಎಪಿಐ ಕಾಮೆಂಟುಗಳನ್ನು ಸೋಸಲು ಜಾಲತಾಣದ ಕೋಡಿನಿಂದಲೇ ಕರೆಯಬಹುದಾದ ಉಚಿತ ಸೇವೆ. ಒಂದು ಸಾಲು ಕಳಿಸಿದರೆ ವಿಷತನ, ಅವಮಾನ, ಬೆದರಿಕೆ, ಅಶ್ಲೀಲ ಬೈಗುಳ ಹೀಗೆ ಬೇರೆಬೇರೆ ಲೆಕ್ಕದಲ್ಲಿ 0ಯಿಂದ 1ರೊಳಗೆ ಅಂಕ ಬರುತ್ತದೆ. ಈ ಅಂಕವನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. 0.9 ಬಂತೆಂದರೆ ಬೈಗುಳ ಘೋರವಾಗಿದೆ ಎಂದಲ್ಲ, ಓದುವವರಿಗೆ ಅದು ಒರಟು ಅನ್ನಿಸುವ ಸಂಭವ ಹೆಚ್ಚು ಎಂದಷ್ಟೇ. ಸುಮ್ಮನೆ ‘ಮೂರ್ಖ’ ಎಂದವನಿಗೂ ಕೊಲೆ ಬೆದರಿಕೆ ಹಾಕಿದವನಿಗೂ ಹತ್ತಿರ ಹತ್ತಿರದ ಅಂಕ ಬರಬಹುದು.

ಇಂಗ್ಲಿಷ್ ಕಾಮೆಂಟುಗಳಿಗೆ ಇದು ಚೆನ್ನಾಗಿ ದುಡಿದ ಸೇವೆ. ಆದರೆ ಕನ್ನಡಕ್ಕೆ ಇದನ್ನು ಜೋಡಿಸಬೇಡಿ. ಅದರ ಭಾಷಾಪಟ್ಟಿಯಲ್ಲಿ ಭಾರತದಿಂದ ಇರುವುದು ಹಿಂದಿ ಮತ್ತು ರೋಮನ್ ಲಿಪಿಯ ಹಿಂಗ್ಲಿಷ್ ಮಾತ್ರ. ಭಾಷೆ ಕನ್ನಡ ಎಂದು ನಮೂದಿಸಿ ಕಳಿಸಿದರೆ ‘ಈ ಭಾಷೆಗೆ ಬೆಂಬಲವಿಲ್ಲ’ ಎಂಬ ದೋಷ ಸಂದೇಶ ಬರುತ್ತದೆ. ಅದು ಪ್ರಾಮಾಣಿಕ ಉತ್ತರ. ಅಪಾಯ ಇರುವುದು ದೋಷ ತಪ್ಪಿಸಲು ಭಾಷೆಯನ್ನು ಹಿಂದಿ ಎಂದು ಬರೆದುಬಿಡುವ ಕೋಡಿನಲ್ಲಿ. ಆಗ ಅಂಕವೇನೋ ಬರುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿ ನಡೆಯುತ್ತಿರುವಂತೆ ಕಾಣುತ್ತದೆ.

ಬೈಗುಳದ ಪದಪಟ್ಟಿ ಇಟ್ಟುಕೊಂಡರೆ ಸಾಕಲ್ಲ ಎನ್ನುವವರಿದ್ದಾರೆ. ‘ಸೂಳೆ’ ಎಂಬ ಪದವನ್ನು ತಡೆದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರಿನ ಮಟ್ಟ ಕೇಳುವ ರೈತನ ಕಾಮೆಂಟು ಮಾಯವಾಗುತ್ತದೆ. ‘ಹಂದಿ’ ತಡೆದರೆ ಸಾಗರದ ಹಂದಿಗೋಡು ಹೋಗುತ್ತದೆ. ಪೂರ್ಣಪದ ಮಾತ್ರ ಹೊಂದಿಸೋಣ ಎಂದರೆ ಕನ್ನಡದ ವಿಭಕ್ತಿ ಬಿಡುವುದಿಲ್ಲ: ನಾಯಿಗೆ, ನಾಯಿಯಂಥ, ನಾಯಿಗಳಾ, ಎಲ್ಲವೂ ಬೇರೆ ಬೇರೆ ಪದಗಳಾಗಿ ತಪ್ಪಿಸಿಕೊಳ್ಳುತ್ತವೆ. ರೋಮನ್ ಲಿಪಿಯಲ್ಲಿ ಇನ್ನೂ ಕಷ್ಟ. ಅಲ್ಲಿ ಲಕಾರ ಳಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ‘ಈ ಫೋನ್ ಕೊಳ್ಳಬೇಕು’ ಎಂಬುದೂ ‘ಅವನನ್ನು ಕೊಲ್ಲಬೇಕು’ ಎಂಬುದೂ ಕ್ರಿಯಾಪದದಲ್ಲಿ ಒಂದೇ ಥರ ಕಾಣುತ್ತವೆ. ಸುತ್ತಲಿನ ಪದ ನೋಡದೆ ತೀರ್ಮಾನಿಸಲು ಸಾಧ್ಯವೇ ಇಲ್ಲ. ‘ಮುಂಡೇದೇ’ ಎಂಬುದು ಹಳೇ ಮೈಸೂರಿನ ಹಳ್ಳಿಗಳಲ್ಲಿ ಅಕ್ಕರೆಯ ಗದರಿಕೆ. ಮೂಲದಲ್ಲಿ ವಿಧವೆಯರನ್ನು ಹಳಿಯುವ ಮಾತು. ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ನಿಲ್ಲುವ ಇಂಥ ಮಾತನ್ನು ಅಂಕದಲ್ಲಿ ಅಳೆಯಲಾಗದು.

ಹಾನಿಕರ ಮಾತು ಗುರುತಿಸುವ ಓಪನ್‌ಎಐನ ಸೇವೆ ಓಮ್ನಿ ಮಾಡರೇಶನ್ (2024ರ ಸೆಪ್ಟೆಂಬರ್) ಕೂಡ ಉಚಿತ. ಕನ್ನಡ ಲಿಪಿಯ ಸಾಲುಗಳನ್ನು ಅದು ತಿರಸ್ಕರಿಸುವುದಿಲ್ಲ. ಬಳಸುವುದಾದರೆ ‘ಲೇಟೆಸ್ಟ್’ ಎಂಬ ಹೆಸರಿನ ಬದಲು ದಿನಾಂಕ ಹೊತ್ತ ಆವೃತ್ತಿಯನ್ನೇ ಕರೆಯಿರಿ. ಅಂಕ ಕೊಡುವ ಮಾದರಿ (ಮಾಡೆಲ್) ಬದಲಾದಾಗ ಅಂಕಗಳೂ ಬದಲಾಗುತ್ತವೆ, ಇಷ್ಟು ಅಂಕ ದಾಟಿದರೆ ತಡೆ ಎಂದು ನೀವು ಇಟ್ಟ ಮಿತಿ ಆ ದಿನವೇ ಸುಳ್ಳಾಗುತ್ತದೆ. ಮೆಟಾದ ಇಂಥದೇ ಮಾದರಿ ಲಾಮಾ ಗಾರ್ಡ್ 3 ಬೆಂಬಲಿಸುವ ಎಂಟು ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ.

ಯಾವ ಮಾದರಿ ಬಳಸಿದರೂ ಪಠ್ಯವನ್ನು ಮೊದಲು ಶುಚಿಗೊಳಿಸದಿದ್ದರೆ ಪ್ರಯೋಜನವಿಲ್ಲ. ಕಾಮೆಂಟಿನ ಒಂದು ನಕಲು ಮಾಡಿಕೊಂಡು ಅದರ ಮೇಲಷ್ಟೇ ಈ ಕೆಲಸ ನಡೆಸಿ. ಓದುಗರಿಗೆ ತೋರಿಸುವ ಮೂಲವನ್ನು ಮುಟ್ಟಬೇಡಿ. ಮೊದಲು ಅಕ್ಷರಗಳ ಕೂಡಿಕೆ ನಿಯಂತ್ರಿಸುವ, ಕಣ್ಣಿಗೆ ಕಾಣದ ಚಿಹ್ನೆಗಳಾದ ಜೀರೋ ವಿಡ್ತ್ ಜಾಯ್ನರ್, ನಾನ್‌ಜಾಯ್ನರ್‌ಗಳನ್ನು ತೆಗೆಯಿರಿ. ಆಮೇಲೆ ಎನ್‌ಎಫ್‌ಸಿ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೊ’ ಅಕ್ಷರವನ್ನು ಒಂದೇ ಸ್ವರಚಿಹ್ನೆಯಿಂದಲೂ ಎತ್ವ ಮತ್ತು ಊತ್ವ ಸೇರಿಸಿಯೂ ಮೂಡಿಸಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಎನ್‌ಎಫ್‌ಸಿ ಅವನ್ನು ಒಂದಾಗಿಸುತ್ತದೆ, ಆದರೆ ನಡುವೆ ನಾನ್‌ಜಾಯ್ನರ್ ಅಡಗಿ ಕೂತಿದ್ದರೆ ಒಂದಾಗುವುದಿಲ್ಲ. ಅದಕ್ಕೇ ಈ ಕ್ರಮ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವುದು ಹಳೆಯ ಅಭ್ಯಾಸ, ಸೋಸುವ ಯಂತ್ರಕ್ಕೆ ಚಳ್ಳೆಹಣ್ಣು ತಿನ್ನಿಸುವ ಹೊಸ ಉಪಾಯವೂ ಹೌದು. ಎಡಕ್ಕೆ ಅಂಕಿ ಇಲ್ಲದೆ ಅಕ್ಷರ ಇದ್ದರೆ ಮಾತ್ರ ಅದನ್ನು ಅನುಸ್ವಾರವಾಗಿಸಿ, ಇಲ್ಲವಾದರೆ ೧೦ ಕೆಡುತ್ತದೆ. ಒಂದೇ ಪದದಲ್ಲಿ ತೆಲುಗು ಅಕ್ಷರ ಬೆರೆಸುವವರೂ ಇದ್ದಾರೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎರಡೂ ಲಿಪಿಗಳು ಸಮಾನಾಂತರವಾಗಿ ಕೂತಿರುವುದರಿಂದ ತೆಲುಗು ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಸಾಮಾನ್ಯವಾಗಿ ಕನ್ನಡದ ಅದೇ ಅಕ್ಷರ ಸಿಗುತ್ತದೆ. ಪೂರ್ತಿ ತೆಲುಗಿನಲ್ಲಿರುವ ಪದವನ್ನು ಹಾಗೇ ಬಿಡಿ.

ಪರ್ಸ್‌ಪೆಕ್ಟಿವ್‌ನ ಆಯಸ್ಸೂ ಮುಗಿಯುತ್ತಿದೆ. 2026ರ ಕೊನೆಗೆ ಸೇವೆ ನಿಲ್ಲುತ್ತದೆಂದು ಜಿಗ್‌ಸಾ ಪ್ರಕಟಿಸಿದೆ. ಬಳಸಿ ಬಿಸಾಡುವ ತಂತ್ರಜ್ಞಾನ ಎಂದರೆ ಬ್ಯಾಟರಿ ಬದಲಿಸಲಾಗದ ಇಯರ್‌ಬಡ್ ಮಾತ್ರವಲ್ಲ. ಒಂದು ಸಮುದಾಯ ಯಾವ ಮಾತನ್ನು ಸಹಿಸುತ್ತದೆ ಎಂಬ ವಿವೇಚನೆಯನ್ನೇ ದೂರದ ಸರ್ವರಿಗೆ ಒಪ್ಪಿಸಿ, ಅದು ಮುಚ್ಚಿದಾಗ ಬರಿಗೈಲಿ ನಿಲ್ಲುವುದು ಇನ್ನೂ ದುಬಾರಿ. ಹಾಗಾಗಿ ನನ್ನ ಶಿಫಾರಸು, ಫೈಲು ನಿಮ್ಮ ಡಿಸ್ಕಿನಲ್ಲೇ ಇರುವ ಚಿಕ್ಕ ಮಾದರಿ. ಗೂಗಲ್‌ನದೇ ಆದ ಮ್ಯೂರಿಲ್ (2021) ಕನ್ನಡವನ್ನೂ ರೋಮನ್ ಲಿಪಿಗೆ ಇಳಿಸಿದ ಪಠ್ಯವನ್ನೂ ಕಲಿತಿದೆ, ಅಪಾಚೆ ಪರವಾನಗಿಯಲ್ಲಿ ಸಿಗುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್‌ನ ಇಂಡಿಕ್‌ಬರ್ಟ್ ಇನ್ನೊಂದು ಆಯ್ಕೆ. ರೋಮನ್ ಕಾಮೆಂಟು ಹೆಚ್ಚಿದ್ದರೆ ಮ್ಯೂರಿಲ್ ಮೇಲು.

ಮ್ಯೂರಿಲ್‌ನ ಪದಕೋಶದಲ್ಲಿ ಸುಮಾರು 1.97 ಲಕ್ಷ ಟೋಕನ್‌ಗಳಿವೆ (ಪದಗಳು ಅಥವಾ ಪದದ ತುಂಡುಗಳು), ಪ್ರತಿಯೊಂದಕ್ಕೂ 768 ಸಂಖ್ಯೆಗಳು. ಆ ಕೋಷ್ಟಕವೊಂದೇ 600 ಎಂಬಿ ಹಿಡಿಯುತ್ತದೆ. ಸಂಖ್ಯೆಗಳನ್ನು ಕಡಿಮೆ ಜಾಗದಲ್ಲಿ ಬರೆದು ಮಾದರಿ ಕುಗ್ಗಿಸುವ ಪೈಟಾರ್ಚ್‌ನ ಡೈನಮಿಕ್ ಕ್ವಾಂಟೈಸೇಶನ್ ಮಾಮೂಲಿ ಬಳಕೆಯಲ್ಲಿ ಈ ಕೋಷ್ಟಕ ಬಿಟ್ಟು ಲೀನಿಯರ್ ಪದರಗಳನ್ನಷ್ಟೇ ಕುಗ್ಗಿಸುವುದರಿಂದ ‘ಇಷ್ಟಾದರೂ ಫೈಲು ದೊಡ್ಡದೇ’ ಎಂಬ ದೂರು ಬರುತ್ತದೆ. ಕನ್ನಡ, ರೋಮನ್, ಅಂಕಿ, ಇಮೋಜಿ ಬಿಟ್ಟು ಉಳಿದ ಲಿಪಿಗಳ ಟೋಕನ್ ಕಿತ್ತುಹಾಕಿ, ಪಠ್ಯವನ್ನು ಟೋಕನ್‌ಗಳಾಗಿ ತುಂಡರಿಸುವ ಟೋಕನೈಸರನ್ನೂ ಅದಕ್ಕೆ ತಕ್ಕಂತೆ ತಿದ್ದಿದರೆ ಗಣನೀಯವಾಗಿ ಇಳಿಯುತ್ತದೆ, ಜಿಪಿಯು ಇಲ್ಲದ ಸಾಧಾರಣ ಸರ್ವರಿನಲ್ಲೂ ಓಡುತ್ತದೆ.

ಮ್ಯೂರಿಲ್ ಕಲಿತಿರುವುದು ಭಾಷೆಯನ್ನಷ್ಟೇ, ಬೈಗುಳ ಗುರುತಿಸುವುದನ್ನು ನೀವೇ ಕಲಿಸಬೇಕು. ಆ ತರಬೇತಿಗೆ 2020ರ ಕ್ಯಾನ್‌ಸಿಎಂಡಿ (KanCMD) ದತ್ತಾಂಶವಿದೆ: ಯೂಟ್ಯೂಬಿನ 7,600ಕ್ಕೂ ಹೆಚ್ಚು ಇಂಗ್ಲಿಷ್ ಬೆರೆತ ಕನ್ನಡದ ಕಾಮೆಂಟುಗಳು. ಅದರಲ್ಲಿ ನಿಂದೆಯಿಲ್ಲದ ಸಾಲುಗಳೇ ಹೆಚ್ಚು, ಆದ್ದರಿಂದ ಒಟ್ಟು ನಿಖರತೆಯ ಶೇಕಡಾವಾರು ನೋಡಿ ಹಿಗ್ಗಬೇಡಿ. ಪ್ರತಿ ವರ್ಗದ ರೀಕಾಲ್, ಅಂದರೆ ಆ ವರ್ಗದ ಸಾಲುಗಳಲ್ಲಿ ಎಷ್ಟನ್ನು ಯಂತ್ರ ಹಿಡಿಯಿತು ಎಂಬುದನ್ನು, ಬೇರೆಯಾಗಿ ನೋಡಿ. ಅದರ ಮೇಲೆ ನಿಮ್ಮದೇ ಜಾಲತಾಣದ ಎರಡು ಸಾವಿರ ಕಾಮೆಂಟಾದರೂ ಬೇಕು. ಪ್ರತಿ ಸಾಲನ್ನೂ ಇಬ್ಬರು ಗುರುತಿಸಲಿ, ಒಬ್ಬರು ಮಂಡ್ಯ ಕಡೆಯವರಾದರೆ ಇನ್ನೊಬ್ಬರು ಧಾರವಾಡ ಕಡೆಯವರಿರಲಿ. ‘ಲೇ’ ಎಂಬುದು ಸಲಿಗೆಯೋ ಸೊಕ್ಕೋ ಎಂಬಲ್ಲಿ ಅವರಿಬ್ಬರು ಒಪ್ಪದಿದ್ದರೆ, ಅಂಥ ಸಾಲುಗಳು ಯಂತ್ರ ಮುಟ್ಟಬಾರದವು ಎಂದೇ ಅರ್ಥ.

ಮಿತಿ ಒಂದಲ್ಲ, ಎರಡಿರಲಿ. ಮೇಲಿನದನ್ನು ದಾಟಿದ್ದು ತಾತ್ಕಾಲಿಕವಾಗಿ ಮರೆಗೆ, ನಡುವಿನದು ಮನುಷ್ಯರ ಸಾಲಿಗೆ, ಕೆಳಗಿನದು ನೇರ ಪ್ರಕಟಣೆಗೆ. ಕನ್ನಡ ಲಿಪಿಗೂ ರೋಮನ್ ಲಿಪಿಗೂ ಮಿತಿಗಳು ಬೇರೆ ಬೇರೆ. ಜಾತಿ, ಧರ್ಮದ ವಿಷಯ ಬಂದ ಚರ್ಚೆಗಳನ್ನು ಪೂರ್ತಿ ಮನುಷ್ಯರಿಗೇ ಬಿಡಿ. ತನ್ನ ಜಾತಿಯ ಹೆಸರಿನಲ್ಲಿ ಬೈಸಿಕೊಂಡದ್ದನ್ನು ಹೇಳಿಕೊಳ್ಳುವವರ ಮಾತನ್ನೇ ಯಂತ್ರ ಬೈಗುಳವೆಂದು ಅಳಿಸಿದರೆ ಅದಕ್ಕಿಂತ ಅನ್ಯಾಯ ಇಲ್ಲ.

ಈಗಾಗಲೇ ಪರ್ಸ್‌ಪೆಕ್ಟಿವ್ ಜೋಡಿಸಿಕೊಂಡವರು ಇಂದೇ ನೋಡಬೇಕಾದ ಒಂದು ಸಾಲು ಕೋಡಿದೆ: ಎಪಿಐ ಉತ್ತರಿಸದಿದ್ದರೆ ಏನಾಗುತ್ತದೆ? ‘ಬಿಟ್ಟುಬಿಡು’ ಎಂದಿದ್ದರೆ ಸೇವೆ ನಿಂತ ದಿನ ಎಲ್ಲ ಕೊಳಕೂ ಪ್ರಕಟವಾಗುತ್ತದೆ, ‘ತಡೆ’ ಎಂದಿದ್ದರೆ ಒಂದು ಕಾಮೆಂಟೂ ಬರುವುದಿಲ್ಲ. ಅದನ್ನು ‘ಮನುಷ್ಯರ ಸಾಲಿಗೆ ಕಳಿಸು’ ಎಂದು ಬದಲಿಸಿ. ಹಳೆಯ ಅಂಕಗಳನ್ನು ಕೂಡಿಡುವ ಅಗತ್ಯವಿಲ್ಲ. ಬರೆದವರ ಹೆಸರು ತೆಗೆದು, ಕಾಮೆಂಟು, ದಿನಾಂಕ, ನಿಮ್ಮ ಮಾಡರೇಟರ್ ಕೊಟ್ಟ ತೀರ್ಮಾನ, ಮೇಲ್ಮನವಿಯಲ್ಲಿ ಅದು ಉಳಿಯಿತೋ ಬಿತ್ತೋ, ಈ ನಾಲ್ಕನ್ನು ಸಾದಾ ಸಿಎಸ್‌ವಿ ಫೈಲಿನಲ್ಲಿ ಉಳಿಸಿಕೊಳ್ಳಿ. ಮುಂದಿನ ಮಾದರಿ ಯಾವುದೇ ಆಗಲಿ, ತರಬೇತಿಗೆ ಬೇಕಾಗುವುದು ಅದೇ ಫೈಲು.