ಹಳೆಯ ವೆಬ್ಲಿ .32 ರಿವಾಲ್ವರ್: ಆರು ವರ್ಷ ಇಟ್ಟುಕೊಂಡವನ ಮಾತು

ನಾನು ಹೋಗಿದ್ದು ಹೊಸದನ್ನು ತಗೊಳ್ಳೋಕೆ. 2019ರ ಕೊನೆಗೆ ಲೈಸೆನ್ಸ್ ಕೈಗೆ ಬಂದಿತ್ತು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 (ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ) ರಿವಾಲ್ವರ್ ಅಂತ ತೀರ್ಮಾನವೂ ಆಗಿತ್ತು. ಕಂಟೋನ್ಮೆಂಟ್ ಕಡೆಯ ಕೋವಿ ಅಂಗಡಿಯ ಯಜಮಾನರು ಅದನ್ನು ತೋರಿಸಿದರು. ಆಮೇಲೆ, "ಸ್ವಾಮಿ, ಇದರ ಅಪ್ಪನನ್ನೂ ಒಂದ್ಸಲ ನೋಡಿ" ಅಂತ ಒಳಗಿನಿಂದ ಬಟ್ಟೆ ಸುತ್ತಿದ ಇನ್ನೊಂದನ್ನು ತಂದಿಟ್ಟರು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದ್ದು, ಮಾರ್ಕ್ 4 ಮಾದರಿ. ಯಜಮಾನರ ಮಾತು ನಿಜವೇ. ಕಾನ್ಪುರದ್ದು ಇದೇ ವಿನ್ಯಾಸದಿಂದ ಬಂದದ್ದು. ನಳಿಗೆಯ ತುದಿಯಲ್ಲಿ ನೀಲಿ ಬಣ್ಣ ಸವೆದು ಬೂದು ಉಕ್ಕು ಕಾಣುತ್ತಿತ್ತು. ಕಿರೀಟದ ಕೆಳಗೆ ಬಿಎನ್‌ಪಿ ಅನ್ನೋ ಪರೀಕ್ಷೆಯ ಮುದ್ರೆ ಇತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಮುದ್ರೆ ಬಂದದ್ದು 1954ರ ನಂತರ. ನನಗಿಂತ ಹಿರಿಯ ವಸ್ತು!

ಹೆಬ್ಬೆರಳಿನಿಂದ ಪಕ್ಕದ ಲಿವರ್ ಒತ್ತಿ ನಳಿಗೆಯನ್ನು ಕೆಳಗೆ ಬಾಗಿಸಿದರೆ ರಿವಾಲ್ವರ್ ನಡುವೆ ತೆರೆದುಕೊಳ್ಳುತ್ತದೆ. ಸಿಲಿಂಡರ್ (ತೋಟಾ ತುಂಬುವ, ತಿರುಗುವ ಭಾಗ) ಮಧ್ಯದ ನಕ್ಷತ್ರದಂಥ ಬಿಲ್ಲೆ ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಆಚೆ ಹಾಕುತ್ತದೆ. ಆರು ವರ್ಷ ಆದರೂ ಅದನ್ನು ನೋಡೋ ಖುಷಿ ಕಡಿಮೆಯಾಗಿಲ್ಲ. ಎರಡು ಭಾಗ ಮತ್ತೆ ಸೇರುವಾಗ 'ಟಕ್' ಅಂತ ಒಂದೇ ಗಟ್ಟಿ ಸದ್ದು.

ಸವೆತ ಮೊದಲು ಕಾಣುವುದೂ ಅಲ್ಲೇ. ಕೊಳ್ಳುವವರು ಹಿಂಜಿನ ಹತ್ತಿರ ಮತ್ತು ಮೇಲಿನ ಕೊಂಡಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಲೇಬೇಕು. ಖಾಲಿ ಇದೆ ಅಂತ ಎರಡು ಸಲ ಖಚಿತ ಮಾಡಿಕೊಂಡು, ಅಂಗಡಿಯವರ ಒಪ್ಪಿಗೆ ಪಡೆದು, ಟ್ರಿಗರ್ ಎಳೆದು ಹಿಡಿದು ಸಿಲಿಂಡರ್ ತಿರುಗಿಸಲು ನೋಡಿ. ಅದು ಲಟಲಟ ಅನ್ನಬಾರದು. ನಳಿಗೆಯೊಳಗೆ ಬೆಳಕು ಬಿಟ್ಟು, ಗುಂಡನ್ನು ತಿರುಗಿಸುವ ಗೆರೆಗಳು ಚೂಪಾಗಿವೆಯಾ ನೋಡಿ. ಯಜಮಾನರು ನನಗೆ ಅರ್ಧ ಗಂಟೆ ಬಿಟ್ಟುಕೊಟ್ಟರು, ಒಮ್ಮೆಯೂ ಅವಸರ ಮಾಡಲಿಲ್ಲ.

ಬೆಲೆ ಹೊಸದಕ್ಕಿಂತ ಜಾಸ್ತಿಯೇ ಆಯ್ತು. .38 ಮತ್ತು .455 ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಹಾಗಾಗಿ ಸಾಮಾನ್ಯ ಲೈಸೆನ್ಸ್ ಇದ್ದವರಿಗೆ .32 ವೆಬ್ಲಿಯೇ ಬೇಕು. ಹೊರದೇಶದ ಮಾಲು ಬರುವುದು ನಿಂತು ದಶಕಗಳೇ ಆದವು. ಇರುವುದೇ ಕೈಯಿಂದ ಕೈಗೆ ಹೋಗಬೇಕು.

ಗುರಿ ಅಭ್ಯಾಸದ ರೇಂಜ್‌ನಲ್ಲಿ ಇದರ ನಡತೆ ಸೊಗಸು. .32 ತೋಟಾ ಕೈಗೆ ಹೊಡೆತ ಕೊಡುವುದಿಲ್ಲ. ಹ್ಯಾಮರ್ (ತೋಟಾ ಸಿಡಿಸುವ ಹಿಂದಿನ ಸುತ್ತಿಗೆ) ಹಿಂದಕ್ಕೆ ಎಳೆದಿಟ್ಟು ಹೊಡೆದರೆ ಟ್ರಿಗರ್ ಹಗುರ, ನೇರ ಟ್ರಿಗರ್ ಎಳೆದರೆ ಭಾರ. ಗುರಿ ಹಿಡಿಯೋಕೆ ನಳಿಗೆಯ ತುದಿಯಲ್ಲಿರುವ ಮೊನೆ ಮಾತ್ರ ತುಂಬ ಸಣ್ಣದು, ಸಂಜೆ ಬೆಳಕಿನಲ್ಲಿ ನನ್ನ ಕಣ್ಣಿಗೆ ಕಾಣುವುದೇ ಇಲ್ಲ. ಬಿಡಿಭಾಗದ್ದೂ ಕಷ್ಟ. ಮೂರನೇ ವರ್ಷ ಒಂದು ಸ್ಪ್ರಿಂಗ್ ಮುರಿಯಿತು. ಲೈಸೆನ್ಸ್ ಇರುವ ರಿಪೇರಿಯವರು ಅಳತೆ ತೆಗೆದು ಹೊಸದು ಮಾಡಿಕೊಡಲು ಎರಡು ತಿಂಗಳು ಹಿಡಿಯಿತು.

ಮೊದಲ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಚರ್ಮದ ಚೀಲದಲ್ಲೇ ಇಟ್ಟು ಲಾಕರ್ ಹಾಕಿದೆ. ಚರ್ಮ ತೇವ ಹಿಡಿದುಕೊಂಡು ಸಿಲಿಂಡರ್ ಮೇಲೆ ತುಕ್ಕಿನ ಚುಕ್ಕೆಗಳು ಎದ್ದವು. ಆ ಕಲೆ ಇವತ್ತಿಗೂ ಇದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಈಗ ತೆಳ್ಳಗೆ ಎಣ್ಣೆ ಒರೆಸಿ, ಒಣ ಹತ್ತಿ ಬಟ್ಟೆಯಲ್ಲಿ ಇಡುತ್ತೇನೆ. ತೋಟಾಗಳಿಗೆ ಬೇರೆ ಬೀಗ, ಆ ಕೀಲಿಯೂ ಬೇರೆ ಕಡೆ. 2023ರಲ್ಲೂ 2024ರಲ್ಲೂ ಚುನಾವಣೆಗೆ ಮುಂಚೆ ಠಾಣೆಯಲ್ಲಿ ಇಡಬೇಕಾಯ್ತು. ಆಗ ಎಣ್ಣೆ ಸ್ವಲ್ಪ ದಪ್ಪಗೇ ಹಚ್ಚಿ ಕೊಟ್ಟೆ, ರಸೀದಿಯಲ್ಲಿ ನಂಬರ್ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ನೋಡಿಕೊಂಡೆ.

ಆಯುಧ ಪೂಜೆಗೆ ಅಮ್ಮ ಕುಂಕುಮ ಹಚ್ಚಲು ಬಂದರೆ ಮರದ ಪೆಟ್ಟಿಗೆ ಮುಂದಿಡುತ್ತೇನೆ. ಒದ್ದೆ ಕುಂಕುಮ ಉಕ್ಕಿನ ಮೇಲೆ ರಾತ್ರಿಯೆಲ್ಲ ಉಳಿಯಬಾರದು ಅಲ್ವಾ. ಅಮ್ಮನಿಗೂ ಈಗ ಗೊತ್ತಾಗಿದೆ. ಪೆಟ್ಟಿಗೆಗೆ ಕುಂಕುಮ ಇಟ್ಟು, ರಿವಾಲ್ವರ್ ಪಕ್ಕದಲ್ಲಿ ಒಂದು ಒಣಗಿದ ಸೇವಂತಿಗೆ ಇಡುತ್ತಾರೆ.